ಸಿಹಿ ನಾಷ್ಟಾ ಮಾಡಿ ಫ್ರೀಜರ್‌ನ್ಯಾಗ ಇಡೋದು: ಹೋಳಿಗಿ, ಪಡ್ಡು, ಸಜ್ಜಿ ದೋಸಿ, ಯಾವುದು ತಡೀತದ?

ನಸುಕಿನ ಬಸ್ಸು (ಸಿಂಧನೂರು)

ನಾಲ್ಕು ಮಂದಿ ಮನಿ. ಬೆಳಿಗ್ಗೆ ಆರೂವರಿಗೆ ಇಬ್ಬರು ಬಸ್ಸಿಗೆ ಹೋಗ್ಬೇಕು. ಭಾನುವಾರ ಒಂದೊಪ್ಪತ್ತು ಕುಂತು ಹತ್ತು ದಿನದ ಸಿಹಿ ನಾಷ್ಟಾ ಮಾಡಿ ಇಡೋ ವಿಚಾರ ಅದ. ಫ್ರಿಜ್ ಸಿಂಗಲ್ ಡೋರ್, 190 ಲೀಟರ್, ಮ್ಯಾಲೆ ಐಸ್ ಕಟ್ಟೋ ಡಬ್ಬಿಯಂಥ ಫ್ರೀಜರ್. ಬ್ಯಾಸಿಗ್ಯಾಗ ಮಧ್ಯಾಹ್ನ ಎರಡು ತಾಸು ಕರೆಂಟ್ ಹೋಗ್ತದ. ಹೋಳಿಗಿ ಇಟ್ರ ಅಂಚು ಅಟ್ಟೆ ಆದಂಗ ಬಿರುಸಾಗ್ತದ, ಪಡ್ಡು ಇಟ್ರ ಬಿಸಿ ಮಾಡಿದಾಗ ಪುಡಿ ಪುಡಿ. ಯಾವುದು ಇಡಬೇಕು, ಎಷ್ಟು ಬೇಯಿಸಿ ಇಡಬೇಕು, ಹೆಂಗ ಬಿಸಿ ಮಾಡ್ಬೇಕು? ಅಳತಿ ಸಮೇತ ಹೇಳ್ರಿ.

ಕೋಟೆಗುಡ್ಡ (ಬಳ್ಳಾರಿ)

ಅಡುಗೆ ಆಮೇಲೆ, ಮೊದಲು ಫ್ರಿಜ್ ನೋಡಿ. ಸಿಂಗಲ್ ಡೋರ್‌ನಲ್ಲಿ ಫ್ರೀಜರ್‌ಗೆ ಬೇರೆ ಬಾಗಿಲಿಲ್ಲ, ಒಂದು ತೆಳು ಪ್ಲಾಸ್ಟಿಕ್ ಮುಚ್ಚಳ ಅಷ್ಟೇ. ನೀರಿನ ಬಾಟಲಿಗೆ ಅಂತ ಬಾಗಿಲು ತೆಗೆದಾಗೆಲ್ಲ ಬಿಸಿಗಾಳಿ ಅದಕ್ಕೂ ತಾಗುತ್ತೆ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರೋ ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ.

ಬಾಗಿಲಿಗೆ ಅಂಟಿಸಿರೋ ಬಿಇಇ ಸ್ಟಾರ್ ಕರೆಂಟ್ ಖರ್ಚಿನ ಲೆಕ್ಕ. ಐದು ಸ್ಟಾರ್ ಅಂದ್ರೆ ಜಾಸ್ತಿ ತಣ್ಣಗೆ ಇರುತ್ತೆ ಅಂತ ಅಲ್ಲ. ಕೆಲವು ಫ್ರೀಜರ್ ಮುಚ್ಚಳದ ಮೇಲೆ ಬೇರೆ ನಕ್ಷತ್ರದ ಗುರುತು ಇರುತ್ತೆ: ಒಂದಿದ್ರೆ ಮೈನಸ್ 6 ಡಿಗ್ರಿ, ಎರಡಿದ್ರೆ ಮೈನಸ್ 12, ಮೂರಿದ್ರೆ ಮೈನಸ್ 18. ಇಲ್ಲಿ ನೋಡಬೇಕಾಗಿರೋದು ಅದನ್ನ. ಗುರುತು ಇಲ್ಲದಿದ್ರೆ ಒಂದು ಫ್ರಿಜ್ ಥರ್ಮಾಮೀಟರ್ ತಂದು ರಾತ್ರಿಯಿಡೀ ಒಳಗಿಟ್ಟು ನೋಡಿ.

ಮೈನಸ್ 18 ಬಂದ್ರೆ ನೀವು ಕೇಳಿದ ಯಾವ ತಿಂಡಿಯಾದ್ರೂ ಒಂದು ತಿಂಗಳು ಧೈರ್ಯವಾಗಿ ಇಡಬಹುದು. ಮೈನಸ್ 12ರ ಹತ್ತಿರ ಇದ್ರೆ ಎರಡು ವಾರ. ಮೈನಸ್ 6 ಇದ್ರೆ ಒಂದು ವಾರಕ್ಕಿಂತ ಹೆಚ್ಚು ಯೋಚನೆ ಮಾಡಬೇಡಿ, ಹತ್ತು ದಿನದ್ದನ್ನ ಎರಡು ಸಲ ಮಾಡಿ.

ಐಸ್ ಐದು ಮಿಲಿಮೀಟರ್‌ಗಿಂತ ದಪ್ಪ ಕಟ್ಟಿದ್ರೆ ಮೊದಲು ಡಿಫ್ರಾಸ್ಟ್ ಮಾಡಿ. ಆ ಐಸೇ ಕಂಬಳಿ ಹೊದ್ದಂಗೆ ಚಳಿಯನ್ನ ಒಳಗೆ ಬಿಡಲ್ಲ. ಚಾಕು ಹಾಕಿ ಕೆತ್ತಬೇಡಿ. ಒಳಗಿನ ಅಲ್ಯೂಮಿನಿಯಂ ತಗಡು ತೂತಾದ್ರೆ ಗ್ಯಾಸ್ ಹೋಗಿ ಫ್ರಿಜ್‌ಗೇ ಸಂಚಕಾರ.

ಹೂರಣಗಡಬು (ಕೊಪ್ಪಳ)

ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನೋ ಸೀಮ್ಯಾಗ ಸಿಹಿ ನಾಷ್ಟಾ ಅಂದ್ರ ಕೆಲವರು ನಗತಾರ. ಆದ್ರ ಹಬ್ಬದ ಮರುದಿನ ತಣ್ಣನ ಹೋಳಿಗಿ, ಬಿಸಿ ಹಾಲು ಯಾರೂ ಬ್ಯಾಡ ಅನ್ನಂಗಿಲ್ಲ. ಅದನ್ನ ಯೋಜನಾ ಹಾಕಿ ಮಾಡೋದು, ಅಷ್ಟ.

ಅಳತಿ 16 ಹೋಳಿಗಿಗೆ:

ಹೂರಣಕ್ಕ ಕಡ್ಲಿಬ್ಯಾಳಿ 250 ಗ್ರಾಂ, ಬೆಲ್ಲ 225 ಗ್ರಾಂ, ಯಾಲಕ್ಕಿ ಆರು, ಚಿಟಿಕಿ ಉಪ್ಪು. ಕಣಕಕ್ಕ ಗೋದಿಹಿಟ್ಟು 200 ಗ್ರಾಂ, ಚಿರೋಟಿ ರವಾ 50 ಗ್ರಾಂ, ಎಣ್ಣಿ ಮೂರು ದೊಡ್ಡ ಚಮಚ, ಅರಿಷಿಣ, ಉಪ್ಪು, ನೀರು ಸುಮಾರು 150 ಮಿಲಿ.

ಬ್ಯಾಳಿ ಒಂದು ತಾಸು ನೆನಸಿ, ಕುಕ್ಕರ್‌ನ್ಯಾಗ ಮೂರು ಸೀಟಿ. ಬೆರಳಾಗ ಒತ್ತಿದ್ರ ಹಿಟ್ಟಾಗಬೇಕು, ಆದ್ರ ಕಾಳು ಕಾಳಾಗಿ ಕಾಣಬೇಕು. ಕರಗಿ ಅಂಬಲಿ ಆದ್ರ ಆ ಹೂರಣ ಎಷ್ಟು ತಿರುವಿದ್ರೂ ನೀರು ಬಿಡತೈತಿ. ಕಟ್ಟು ಬಸದು ಜಾಲರಿ ಮ್ಯಾಲೆ ಹತ್ತು ನಿಮಿಷ ಬಿಡ್ರಿ. ಬೆಲ್ಲ ಹಾಕಿ ಸಣ್ಣ ಉರಿ ಮ್ಯಾಲೆ ತಿರುವಿ, ಸೌಟು ನಟ್ಟ ನಡುವ ನಿಲ್ಲಿಸಿದ್ರ ಬೀಳದಂಗ ನಿಂತಾಗ ಇಳಸ್ರಿ. ಫ್ರೀಜರ್‌ಗೆ ಇಡೋ ಹೂರಣ ಹಬ್ಬದ ಹೂರಣಕ್ಕಿಂತ ಎರಡು ಮೂರು ನಿಮಿಷ ಹೆಚ್ಚಿಗಿ ತಿರುವಬೇಕು. ಉಂಡಿ ಕಟ್ಟಿದ್ರ ಅಂಗೈಗೆ ಹತ್ತಬಾರದು. ಬಿಸಿ ಇದ್ದಾಗನ ರುಬ್ಬಬೇಕು, ಆರಿದ ಮ್ಯಾಲೆ ಮಿಕ್ಸಿ ತಿರುಗಂಗಿಲ್ಲ.

ಕಣಕ ಒಂದು ತಾಸು ನೆನೀಲಿ. ಹೂರಣ 45 ಗ್ರಾಂ, ಕಣಕ 27 ಗ್ರಾಂ, ಹಂಗ ಉಂಡಿ ಮಾಡ್ರಿ. ತಕ್ಕಡಿ ಇಲ್ಲಂದ್ರ ಹೂರಣ ದೊಡ್ಡ ನಿಂಬಿಹಣ್ಣಿನಷ್ಟು, ಕಣಕ ಸಣ್ಣ ನಿಂಬಿಹಣ್ಣಿನಷ್ಟು.

ಇನ್ನ ಅಂಚು ಬಿರುಸಾಗೋದು. ಅದಕ್ಕ ಕಾರಣ ಫ್ರೀಜರ್ ಅಲ್ಲ, ಹಂಚು. ತಿನ್ನಾಕ ಬೇಯಿಸಿದಂಗ ಪೂರ್ತಿ ಕೆಂಪಗ ಬೇಯಿಸಿ ಇಟ್ರ, ಎರಡನೇ ಸಲ ಹಂಚಿಗೆ ಹಾಕಿದಾಗ ಉಳಿದ ನೀರಿನ ಪಸಿನೂ ಹೋಗತೈತಿ. ಮುಕ್ಕಾಲು ಬೇಯಿಸ್ರಿ: ಎರಡೂ ಕಡೆ ಅಲ್ಲಲ್ಲಿ ತಿಳಿ ಚುಕ್ಕಿ ಬಂದ್ರ ತೆಗೀರಿ. ತುಪ್ಪ ಈಗ ಹಚ್ಚಬ್ಯಾಡ್ರಿ, ಬಿಸಿ ಮಾಡುವಾಗ ಹಚ್ರಿ. ಕಣಕದಾಗಿನ ಮೂರು ಚಮಚ ಎಣ್ಣಿ ಮಾತ್ರ ಕಡಿಮಿ ಮಾಡಬ್ಯಾಡ್ರಿ, ಅಂಚು ಮೆತ್ತಗ ಉಳಿಯೋದು ಅದರ ಮ್ಯಾಲೆ.

ಕಾರಟಗಿ ನುಚ್ಚು (ಕಾರಟಗಿ)

ಹೂರಣಗಡಬು ಅಕ್ಕಾರ, ಇಲ್ಲಿ ಸ್ವಲ್ಪ ತಕರಾರು ಐತಿ. ಹೋಳಿಗಿ ಯಾಕ ಇಡಬೇಕು? ಹೂರಣದ ಉಂಡಿ ಅಷ್ಟ ಇಟ್ರ ಜಾಗ ಅರ್ಧ ಸಾಕು. ರಾತ್ರಿ ನಾಲ್ಕು ಉಂಡಿ ಕೆಳಗಿನ ಖಾನಿಗೆ ಇಳಿಸಿದ್ರ ಬೆಳಿಗ್ಗೆ ಮೆತ್ತಗಾಗಿರತಾವ. ತಾಜಾ ಕಣಕದ ಹೋಳಿಗಿ ರುಚಿನ ಬ್ಯಾರೆ.

ಹೂರಣಗಡಬು (ಕೊಪ್ಪಳ)

ರುಚಿ ನಿಮ್ಮದ ಖರೆ. ಆದ್ರ ಆರೂವರಿ ಬಸ್ಸಿಗೆ ಹೋಗೋರು ಐದೂವರಿಗೆ ಕಣಕ ನಾದಿ, ಲಟ್ಟಿಸಿ, ಹಂಚಿನ ಮುಂದ ನಿಂದ್ರಬೇಕಂದ್ರ ಮುಂಚೆ ಮಾಡಿ ಇಟ್ಟು ಏನು ಉಳಿತು? ಬೀಗರು ಬರೋದಿದ್ರ ಉಂಡಿ ಇಡ್ರಿ, ದಿನದ ನಾಷ್ಟಾಕ್ಕ ಹೋಳಿಗಿನ ಇಡ್ರಿ. ಕಣಕ ಮಾತ್ರ ಫ್ರೀಜರ್‌ಗೆ ಹಾಕಬ್ಯಾಡ್ರಿ. ಕರಗಿದ ಮ್ಯಾಲೆ ಜಿಗಿ ಕಳಕೊಂಡು ಲಟ್ಟಿಸುವಾಗ ಹರಿದು ಹೂರಣ ಹೊರಗ ಬರತೈತಿ.

ಕಂಪ್ಲಿಕಬ್ಬು (ಕಂಪ್ಲಿ)

ಬೆಲ್ಲದ ಬಗ್ಗೆ ಒಂದು ಮಾತು, ಇದಕ್ಕೆ ಹೆದರಿ ಎಷ್ಟೋ ಜನ ಒಳ್ಳೇ ಹೂರಣ ಚೆಲ್ತಾರೆ. ಸಕ್ಕರೆ ಅಂಶ ಹೆಚ್ಚಿರೋ ಪದಾರ್ಥ ನೀರಿನಂಗೆ ಸೊನ್ನೆ ಡಿಗ್ರಿಗೆ ಗಟ್ಟಿ ಆಗಲ್ಲ. ಮೈನಸ್ 10ರಲ್ಲೂ ಹೂರಣಕ್ಕೆ ಚಮಚ ಇಳಿಯುತ್ತೆ. ಮೆತ್ತಗಿದೆ ಅಂದ ಮಾತ್ರಕ್ಕೆ ಕೆಟ್ಟಿಲ್ಲ. ಕೆಟ್ಟಿದ್ದನ್ನ ಗುರುತಿಸೋದು ಹೀಗೆ: ಬೆರಳಲ್ಲಿ ಮುಟ್ಟಿ ಎಳೆದ್ರೆ ಸಣ್ಣ ಎಳೆ ಬರುತ್ತೆ, ಹುಳಿ ವಾಸನೆ ಇರುತ್ತೆ. ಎಳೆ ಬಂದ ಹೂರಣವನ್ನ ತಿರುಗಿ ಕುದಿಸಿ ಸರಿ ಮಾಡೋಕೆ ಹೋಗಬೇಡಿ, ಚೆಲ್ಲಿ.

ಬೆಲ್ಲವನ್ನ ಹಂಗೇ ಹಾಕೋ ಬದಲು ಕಾಲು ಲೋಟ ಬಿಸಿನೀರಲ್ಲಿ ಕರಗಿಸಿ ಸೋಸಿ ಹಾಕಿದ್ರೆ ಮರಳು, ಕಬ್ಬಿನ ನಾರು ಹೋಗುತ್ತೆ. ಆದ್ರೆ ಹೂರಣ ಗಟ್ಟಿಯಾಗೋಕೆ ಇನ್ನೂ ಏಳೆಂಟು ನಿಮಿಷ ಹಿಡಿಯುತ್ತೆ. ಇನ್ನೊಂದು, ಬಿಸಿ ಹಾಲಿಗೆ ಬೆಲ್ಲ ಹಾಕಿದ್ರೆ ಒಡೆಯೋದು ಬೆಲ್ಲದಲ್ಲಿರೋ ಹುಳಿ ಅಂಶಕ್ಕೆ. ಹಾಲು ಹಾಕೋ ಯಾವ ತಿಂಡಿಯಾದ್ರೂ ಬೆಲ್ಲದ ನೀರು ಪೂರ್ತಿ ಆರಿರಬೇಕು, ಹಾಲೂ ತಣ್ಣಗಿರಬೇಕು.

ಪಡ್ಡಿನಹಂಚು (ರಾಯಚೂರು)

ಪಡ್ಡಿನ ವಿಷಯಕ್ಕ ಬರ್ತೀನ್ರಿ. ಪುಡಿ ಪುಡಿ ಆಗೋದು ಎರಡು ಕಾರಣಕ್ಕ. ಒಂದು, ಸೋಡಾ ಹೆಚ್ಚಾಗಿ ಒಳಗ ಜೇನುಗೂಡಿನಂಗ ತೂತು ಬಿದ್ದು ಆ ತೂತಿನ್ಯಾಗ ಪಸಿ ಒಣಗ್ತದ. ಎರಡು, ಮಾಡಿದ್ದನ್ನ ಫ್ರೀಜರ್‌ಗೆ ಹಾಕೋ ಮೊದಲು ಒಂದು ದಿನ ಕೆಳಗ ಫ್ರಿಜ್‌ನ್ಯಾಗ ಇಟ್ಟಿರ್ತಾರ. ಅನ್ನ, ರೊಟ್ಟಿ, ಬ್ರೆಡ್ ಯಾವುದಾದ್ರೂ ಅತೀ ಬೇಗ ಬಿರುಸಾಗೋದು ಫ್ರಿಜ್‌ನ ನಾಲ್ಕು ಡಿಗ್ರಿಯಾಗ, ಫ್ರೀಜರ್‌ನ್ಯಾಗಲ್ಲ. ಬೆಂದಾಗ ನೀರು ಹೀರಿ ಮೆತ್ತಗಾದ ಪಿಷ್ಟ ಆ ಚಳಿಯಾಗ ತಿರುಗಿ ಬಿಗಿಯಾಗ್ತದ. ಅದಕ್ಕ ಆರಿದ ಕೂಡ್ಲೇ ನೇರ ಫ್ರೀಜರ್. ನಡುವ ಫ್ರಿಜ್‌ನ್ಯಾಗ ವಸ್ತಿ ಬ್ಯಾಡ.

ಅಕ್ಕಿ ನೆನೆ ಹಾಕೋ ಪಡ್ಡಿಗಿಂತ ಗೋದಿ-ರವಾದ ಸಿಹಿ ಪಡ್ಡು ಚೊಲೋ ತಡೀತದ. ಸುಮಾರು 28 ಪಡ್ಡಿಗೆ:

ಗೋದಿಹಿಟ್ಟು ಒಂದು ಕಪ್ (120 ಗ್ರಾಂ), ಬಾಂಬೆ ರವಾ ಅರ್ಧ ಕಪ್ (85 ಗ್ರಾಂ), ಬೆಲ್ಲದ ಪುಡಿ ಮುಕ್ಕಾಲು ಕಪ್ (150 ಗ್ರಾಂ), ಚುಕ್ಕಿ ಬಿದ್ದ ಬಾಳೆಹಣ್ಣು ಒಂದು, ಒಣಕೊಬ್ಬರಿ ತುರಿ ಎರಡು ಚಮಚ, ಯಾಲಕ್ಕಿ, ಚಿಟಿಕಿ ಉಪ್ಪು, ನೀರು ಮುಕ್ಕಾಲು ಕಪ್. ಅಡುಗಿ ಸೋಡಾ ಕಾಲು ಚಹಾ ಚಮಚ, ಅದಕ್ಕಿಂತ ಒಂದು ಕಾಳೂ ಹೆಚ್ಚಬಾರದು.

ರವಾ ನೀರು ಕುಡಿಯೋಕ ಇಪ್ಪತ್ತು ನಿಮಿಷ ಬಿಡ್ರಿ. ಇದನ್ನ ಬಿಟ್ಟವರ ಪಡ್ಡು ಫ್ರೀಜರ್‌ನಿಂದ ತೆಗೆದಾಗ ಒಳಗ ಮರಳು ಮರಳು ಆಗ್ತದ, ಯಾಕಂದ್ರ ನೆನೀದ ರವಾ ಆಮ್ಯಾಲೆ ಹಿಟ್ಟಿನ ಪಸಿ ಎಳಕೊಳ್ತದ. ಸೋಡಾ ಹಂಚು ಕಾಯಿಸೋಕ ಇಟ್ಟ ಮ್ಯಾಲೆ ಹಾಕ್ರಿ. ಹಿಟ್ಟು ಚಮಚದಿಂದ ಜಾರಿ ಬೀಳಬೇಕು, ಹರೀಬಾರದು.

ಬೆಲ್ಲ ಇರೋದ್ರಿಂದ ಉರಿ ಸಣ್ಣದು. ಹಂಚು ಮೊದಲು ಚೊಲೋ ಕಾಯಿಸಿ, ಹಿಟ್ಟು ಹಾಕುವಾಗ ಉರಿ ಇಳಿಸಿ, ಮುಚ್ಚಿ ಮೂರು ನಿಮಿಷ, ತಿರುವಿ ಎರಡು ನಿಮಿಷ. ಗುಳಿ ಮುಕ್ಕಾಲು ಮಾತ್ರ ತುಂಬ್ರಿ. ಪೂರ್ತಿ ತುಂಬಿದ್ರ ಹೊರಗ ಕಪ್ಪು, ಒಳಗ ಹಸಿ. ಹಸಿ ಉಳಿದದ್ದು ಬಿಸಿ ಮಾಡಿದಾಗ ಅಂಟಾಗ್ತದ, ಅದು ಸರಿ ಆಗಲ್ಲ.

ಬಾಳೆಹಣ್ಣು ರುಚಿಗಷ್ಟೇ ಅಲ್ಲ. ಅದರ ಪಸಿ ಪಡ್ಡನ್ನ ಮೆತ್ತಗ ಇಡ್ತದ. ಹಣ್ಣು ಬ್ಯಾಡಂದ್ರ ಬೇಯಿಸಿದ ಸಿಹಿಗುಂಬಳ ಅರ್ಧ ಕಪ್ ಹಾಕಿ ನೀರು ಕಡಿಮಿ ಮಾಡ್ರಿ.

ನಸುಕಿನ ಬಸ್ಸು (ಸಿಂಧನೂರು)

ಆರಿಸೋದು ಹೆಂಗ? ಬ್ಯಾಸಿಗ್ಯಾಗ ಅಡುಗಿಮನ್ಯಾಗೇ 38 ಡಿಗ್ರಿ ಇರ್ತದ, ಎಷ್ಟು ಹೊತ್ತು ಇಟ್ರೂ ಬೆಚ್ಚಗೇ ಇರ್ತದ.

ಕೋಟೆಗುಡ್ಡ (ಬಳ್ಳಾರಿ)

ಎಲ್ಲರೂ ಎಡವೋದು ಇಲ್ಲೇ. 'ರೂಮಿನ ಶಾಖಕ್ಕೆ ಬರಲಿ' ಅನ್ನೋ ಮಾತು ತಂಪು ಊರಿನವರದ್ದು. ಬೆಂದ ಪದಾರ್ಥ ಸಾಮಾನ್ಯವಾಗಿ ಎರಡು ತಾಸಿನೊಳಗೆ ಚಳಿಗೆ ಹೋಗಬೇಕು. ಹೊರಗೆ 32 ಡಿಗ್ರಿ ದಾಟಿದ್ರೆ ಒಂದೇ ತಾಸು. ನಮ್ಮಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಒಂದು ತಾಸು ಅಂತಲೇ ಇಟ್ಕೊಳ್ಳಿ.

ನಮ್ಮ ಕಡೆಯ ಒಣಗಾಳಿಯನ್ನೇ ಬಳಸ್ಕೊಳ್ಳಿ. ದೊಡ್ಡ ತಾಟಿನಲ್ಲಿ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಹೋಳಿಗೆ ಒಂದರ ಪಕ್ಕ ಒಂದು, ಮೇಲೆ ಫ್ಯಾನ್. ಮಣ್ಣಿನ ಮಡಕೆಯ ನೀರು ತಣ್ಣಗಾಗೋದು ಹೆಂಗೋ ಹಂಗೇ ಇದೂ. ಇಪ್ಪತ್ತು ನಿಮಿಷಕ್ಕೆ ಉಗಿ ಪೂರ್ತಿ ಹೋಗಿರುತ್ತೆ. ಮಳೆಗಾಲದಲ್ಲಿ ಗಾಳಿಯಲ್ಲಿ ಪಸೆ ಇರೋದ್ರಿಂದ ಈ ಉಪಾಯ ಅಷ್ಟು ನಡೆಯಲ್ಲ. ಆಮೇಲೆ ತಟ್ಟೆ ಸಮೇತ ಕೆಳಗಿನ ಖಾನೆಯಲ್ಲಿ ಅರ್ಧ ತಾಸು, ಅಲ್ಲಿಂದ ಫ್ರೀಜರ್.

ಪಡ್ಡಿನಹಂಚು ಅವರು ಫ್ರಿಜ್‌ನಲ್ಲಿ ವಸ್ತಿ ಬೇಡ ಅಂದಿದ್ದು ಸರಿ. ನಾನು ಹೇಳ್ತಿರೋದು ಅರ್ಧ ತಾಸು, ರಾತ್ರಿಯಿಡೀ ಅಲ್ಲ. ಬೆಚ್ಚಗಿರೋದನ್ನ ನೇರ ಸಣ್ಣ ಫ್ರೀಜರ್‌ಗೆ ತುರುಕಿದ್ರೆ ಆಗಲೇ ಗಟ್ಟಿಯಾಗಿರೋ ಪಕ್ಕದ ಪ್ಯಾಕೆಟ್ಟುಗಳೂ ಮೆತ್ತಗಾಗ್ತಾವೆ.

ಬೆಚ್ಚಗಿರುವಾಗಲೇ ಡಬ್ಬಿ ಮುಚ್ಚಿದ್ರೆ ಉಗಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಕೆಳಗೆ ಬೀಳುತ್ತೆ. ಮೇಲಿನ ಹೋಳಿಗೆ ಒದ್ದೆ, ಅದರ ಮೇಲೆ ಬಿಳಿ ಐಸ್ ಪುಡಿ. ಹೂರಣ ಹುಳಿಯಾಗೋ ಹತ್ತರಲ್ಲಿ ಎಂಟು ಕೇಸು ಇದೇ ಅಂತ ನನ್ನ ಅಂದಾಜು. ಹೂರಣ ಮಾಡೋದು ಎಲ್ಲರಿಗೂ ಬರುತ್ತೆ, ಆರಿಸೋಕೆ ತಾಳ್ಮೆ ಇರಲ್ಲ.

ಪಡ್ಡಿನಹಂಚು (ರಾಯಚೂರು)

ಪ್ಯಾಕ್ ಮಾಡೋದು ಹೇಳಿಬಿಡ್ತೀನಿ. ಮೊದಲು ಬಿಡಿಬಿಡಿಯಾಗಿ ಗಟ್ಟಿ ಮಾಡ್ಬೇಕು. ತಟ್ಟಿಗೆ ಬಟರ್ ಪೇಪರ್ ಹಾಸಿ ಪಡ್ಡು ಒಂದಕ್ಕೊಂದು ತಾಗದಂಗ ಇಟ್ಟು ಎರಡು ತಾಸು ಫ್ರೀಜರ್‌ನ್ಯಾಗ. ಕಲ್ಲಿನಂಗ ಆದ ಮ್ಯಾಲೆ ಜಿಪ್ ಚೀಲಕ್ಕ ಸುರೀರಿ. ಹಿಂಗ ಮಾಡಿದ್ರ ಬೇಕಾದಾಗ ಆರೇ ತೆಗೀಬಹುದು. ನೇರ ಚೀಲಕ್ಕ ಹಾಕಿದ್ರ ಎಲ್ಲ ಸೇರಿ ಒಂದು ಗುಂಡುಕಲ್ಲು ಆಗ್ತದ.

ಹೋಳಿಗಿಗೆ ನಡುನಡುವ ಬಟರ್ ಪೇಪರ್, ನಾಲ್ಕರ ಕಟ್ಟು. ಜಿಪ್ ಒಂದು ಬೆರಳಷ್ಟು ಬಿಟ್ಟು ಮುಚ್ಚಿ, ಅಂಗೈಲಿಂದ ಒತ್ತಿ ಗಾಳಿ ತೆಗೆದು ಆಮ್ಯಾಲೆ ಪೂರ್ತಿ ಮುಚ್ರಿ. ಒಳಗ ಉಳಿದ ಗಾಳಿಯೇ ತಿಂಡಿಯ ನೀರು ಹೀರಿ ಬಿಳಿ ಒಣ ಕಲೆ ಮಾಡೋದು. ಕಿರಾಣಿ ಅಂಗಡಿಯ ತೆಳು ಚೀಲ ಬ್ಯಾಡ, ಚಳಿಗೆ ಸೆಟೆದು ಹರೀತದ, ವಾಸನಿನೂ ತಡಿಯಲ್ಲ. ಪಕ್ಕದಾಗ ಮೀನು, ಮಸಾಲಿ ಇದ್ರ ಹೋಳಿಗಿಗೆ ಅದರ ವಾಸನಿ ಗ್ಯಾರಂಟಿ. ಸ್ಟೀಲ್ ಡಬ್ಬಿ ನಡೀತದ, ಆದ್ರ ತುಂಬಿ ತುಳುಕಬೇಕು. ಅರ್ಧ ಖಾಲಿ ಡಬ್ಬಿ ಅಂದ್ರ ಅರ್ಧ ಡಬ್ಬಿ ಗಾಳಿ.

ಕಾಗದದ ಟೇಪ್ ಹಚ್ಚಿ ತಾರೀಖು, ಎಷ್ಟು ಅದಾವ ಅಂತ ಬರೀರಿ. ಫ್ರೀಜರ್‌ಗೆ ಹೋದ ಮ್ಯಾಲೆ ಹೂರಣದ ಹೋಳಿಗಿ, ಸಜ್ಜಕದ ಹೋಳಿಗಿ ಎರಡೂ ಒಂದೇ ಮುಖ.

ಸಜ್ಜಿತೆನಿ (ಕುಷ್ಟಗಿ)

ನಮ್ಮ ಸೀಮಿ ಧಾನ್ಯನೂ ಬಿಡಬ್ಯಾಡ್ರಿ. ಸಜ್ಜಿ ಹಿಟ್ಟಿನ ದಪ್ಪ ಸಿಹಿ ದೋಸಿ, ಪೇಟಿ ಮಂದಿ ಪ್ಯಾನ್‌ಕೇಕ್ ಅಂತಾರಲ್ಲ ಹಂಗ, ಫ್ರೀಜರ್‌ಗೆ ಹೇಳಿ ಮಾಡಿಸಿದಂಗ ಐತಿ.

ಹತ್ತು ಹನ್ನೊಂದು ದೋಸಿಗೆ: ಸಜ್ಜಿ ಹಿಟ್ಟು 100 ಗ್ರಾಂ, ಗೋದಿಹಿಟ್ಟು 100 ಗ್ರಾಂ, ಬೆಲ್ಲ 120 ಗ್ರಾಂ, ನೀರು 100 ಮಿಲಿ, ತಣ್ಣನ ಹಾಲು 150 ಮಿಲಿ, ತತ್ತಿ ಒಂದು (ತಿನ್ನದವರು ಗಟ್ಟಿ ಮೊಸರು ಮೂರು ದೊಡ್ಡ ಚಮಚ), ತುಪ್ಪ ಒಂದು ಚಮಚ, ಬೇಕಿಂಗ್ ಪೌಡರ್ ಒಂದೂವರಿ ಚಹಾ ಚಮಚ, ಶುಂಠಿ ಪುಡಿ ಚೂರು. ಬೆಲ್ಲ ನೀರಿನಾಗ ಕರಗಿಸಿ ಸೋಸಿ ಆರಿಸ್ರಿ, ಉಳಿದದ್ದೆಲ್ಲ ಕಲಸಿ ಹತ್ತು ನಿಮಿಷ ಬಿಡ್ರಿ. ಬೇಕಿಂಗ್ ಪೌಡರ್ ಕಡೀಗೆ. ಸಣ್ಣ ಉರಿ, ಅಂಗೈಯಗಲ, ಕಾಲು ಇಂಚು ದಪ್ಪ. ಮ್ಯಾಲೆ ಗುಳ್ಳಿ ಒಡೆದು ತೂತು ತೂತಾಗಿ ನಿಂತಾಗ ತಿರುವ್ರಿ.

ಸಜ್ಜಿ ಒಂದರಾಗ ಮಾಡಬ್ಯಾಡ್ರಿ, ಅದಕ್ಕ ಗೋದಿಯ ಜಿಗಿ ಇಲ್ಲ. ಫ್ರೀಜರ್‌ನಿಂದ ತೆಗೆದಾಗ ನಡುವ ಮುರೀತೈತಿ.

ಬೀಸಿಸಿದ ಸಜ್ಜಿ ಹಿಟ್ಟು ಬ್ಯಾಸಿಗ್ಯಾಗ ಬೇಗ ಕಹಿ ಆಗತೈತಿ. ಸಜ್ಜ್ಯಾಗ ಎಣ್ಣಿ ಅಂಶ ಹೆಚ್ಚು, ಬೀಸಿದ ಕೂಡ್ಲೇ ಅದು ಗಾಳಿಗೆ ಬಿದ್ದು ಕೆಡಾಕ ಹತ್ತತೈತಿ. ಎಂಟು ದಿನಕ್ಕ ಬೇಕಾದಷ್ಟ ಬೀಸಿಸ್ರಿ, ಉಳಿದ ಹಿಟ್ಟನ್ನೂ ಚೀಲ ಕಟ್ಟಿ ಫ್ರೀಜರ್‌ನ್ಯಾಗ ಇಡ್ರಿ. ಕಹಿ ಹಿಟ್ಟಿಗೆ ಎಷ್ಟು ಬೆಲ್ಲ ಸುರಿದ್ರೂ ದೋಸಿ ಕಹೀನ. ಗಿರಣಿಯಿಂದ ತಂದ ಹಿಟ್ಟು ಬಿಸಿ ಇರತೈತಿ, ಹರವಿ ಆರಿಸಿ ಡಬ್ಬಿಗೆ ಹಾಕ್ರಿ.

ಕಾರಟಗಿ ನುಚ್ಚು (ಕಾರಟಗಿ)

ಕಲಸಿದ ಹಿಟ್ಟನ್ನ ಫ್ರೀಜರ್‌ನ್ಯಾಗ ಇಟ್ಟು ಬೆಳಿಗ್ಗೆ ಹೊಯ್ಕೋಬಹುದಲ್ಲ?

ಸಜ್ಜಿತೆನಿ (ಕುಷ್ಟಗಿ)

ಬ್ಯಾಡ. ಬೇಕಿಂಗ್ ಪೌಡರ್ ಹಸಿ ಆದ ಕೂಡ್ಲೇ ಅರ್ಧ ಕೆಲಸ ಮಾಡಿ ಮುಗಿಸಿರತೈತಿ. ಇಟ್ಟು ತೆಗೆದ ಹಿಟ್ಟು ಹಂಚಿನ ಮ್ಯಾಲೆ ಉಬ್ಬಂಗಿಲ್ಲ, ಚಪ್ಪಟಿ ಅಟ್ಟಿ ಆಗತೈತಿ. ಬೇಕಿದ್ರ ಒಣ ಹಿಟ್ಟು, ಬೇಕಿಂಗ್ ಪೌಡರ್ ಬೆರೆಸಿ ಡಬ್ಬಿಯಾಗ ಇಡ್ರಿ, ಬೆಳಿಗ್ಗೆ ಬೆಲ್ಲದ ನೀರು, ಹಾಲು ಹಾಕಿ ಕಲಸ್ರಿ.

ನಸುಕಿನ ಬಸ್ಸು (ಸಿಂಧನೂರು)

ಶೇಂಗಾ ಹೋಳಿಗಿ, ಗೋದಿ ಹುಗ್ಗಿ, ಶಿರಾ, ಕಡಬು ಇವು?

ಹೂರಣಗಡಬು (ಕೊಪ್ಪಳ)

ಶೇಂಗಾ ಹೋಳಿಗಿಗೆ ಫ್ರೀಜರ್ ಜಾಗ ದಂಡ. ಹುರಿದ ಶೇಂಗಾ ಪುಡಿ, ಬೆಲ್ಲ, ಎಳ್ಳು, ಅದರಾಗ ನೀರೇ ಇಲ್ಲ. ಚೊಲೋ ಬೇಯಿಸಿ ಆರಿಸಿ ಡಬ್ಬಿಗೆ ಹಾಕಿದ್ರ ಒಂದು ವಾರ ಹೊರಗನ ಇರತೈತಿ. ಎಳ್ಳು ಹೋಳಿಗಿನೂ ಹಂಗ. ಆ ಜಾಗಾನ ಬ್ಯಾಳಿ ಹೂರಣಕ್ಕ ಕೊಡ್ರಿ, ಅದು ಹೊರಗ ಇಟ್ರ ಮರುದಿನಕ್ಕ ಹಳಸತೈತಿ.

ಶಿರಾ ಭೇಷ್ ತಡೀತೈತಿ. ರವಾ ತುಪ್ಪದಾಗ ಚೊಲೋ ಹುರಿದಿರಬೇಕು. ಒಂದು ಕಪ್ ರವಾಕ್ಕ ಎರಡೂವರಿ ಕಪ್ ನೀರು ಹಾಕೋರು ಫ್ರೀಜರ್‌ಗೆ ಮೂರು ಹಾಕ್ರಿ, ಬಿಸಿ ಮಾಡುವಾಗ ಗಟ್ಟಿ ಆಗೋದನ್ನ ಅದು ತೂಗಿಸತೈತಿ. ವಾಟಿಯೊಳಗ ಒತ್ತಿ ಗಟ್ಟಿ ಮಾಡಿ, ಬೋರಲು ಹಾಕಿ ತೆಗೆದು ಚೀಲಕ್ಕ ತುಂಬ್ರಿ, ಒಬ್ಬರಿಗೆ ಒಂದು. ಅನಾನಸ್ ಹಾಕಿದ ಶಿರಾ ಬ್ಯಾಡ, ಹಣ್ಣಿನ ಚೂರು ನೀರು ಬಿಟ್ಟು ರಬಡಿ ಆಗತೈತಿ.

ಗೋದಿ ಹುಗ್ಗಿ ಹಾಲು ಹಾಕದ ಗಟ್ಟಿಗೆ ಮಾಡಿ ಇಡ್ರಿ. ಹಾಲು ಹಾಕಿ ಇಟ್ರ ಕರಗುವಾಗ ಹಾಲು ಬ್ಯಾರೆ, ನೀರು ಬ್ಯಾರೆ. ಚೀಲದಾಗ ಒಂದು ಬೆರಳು ದಪ್ಪ ಚಪ್ಪಟಿ ಹರವಿ ಇಡ್ರಿ. ಡಬ್ಬಿಯಾಗ ಗುಡ್ಡಿ ಮಾಡಿ ಇಟ್ರ ನಡುವಿನದು ಗಟ್ಟಿ ಆಗಾಕ ಒಂದು ದಿನ, ಕರಗಾಕ ಇನ್ನೊಂದು ದಿನ. ಬೆಳಿಗ್ಗೆ ಪಾತ್ರಿಗೆ ಹಾಕಿ ಕಾಲು ಲೋಟ ನೀರು, ಸಣ್ಣ ಉರಿ, ಕುದ್ದು ಇಳಿಸಿದ ಮ್ಯಾಲೆ ಕಾಸಿ ಆರಿಸಿದ ಹಾಲು. ನವಣಿ ಹುಗ್ಗಿಗೂ ಇದೇ ಲೆಕ್ಕ.

ಕಡಬಿನ್ಯಾಗ ಗೋದಿಹಿಟ್ಟಿನದು ಇಡಬಹುದು, ಅಕ್ಕಿ ಹಿಟ್ಟಿನದು ಸೀಳತೈತಿ. ಎರಡೂ ಉಗಿಯಾಗ ಬೇಯಿಸಿನ ಇಡಬೇಕು, ಹಸೇದು ಇಟ್ರ ಹೂರಣದ ಪಸಿ ಕಣಕಕ್ಕ ಇಳಿದು ಬೇಯಿಸುವಾಗ ಒಡೀತೈತಿ.

ಕಂಪ್ಲಿಕಬ್ಬು (ಕಂಪ್ಲಿ)

ಇಡಲೇಬಾರದ್ದು: ಸಾಬುದಾಣಿ ಪಾಯಸ, ಶ್ರೀಖಂಡ, ಹೆಚ್ಚಿದ ಬಾಳೆಹಣ್ಣು, ಪಾಕದಲ್ಲಿ ಅದ್ದಿದ್ದು ಯಾವುದಾದ್ರೂ. ಸಿಹಿ ಅವಲಕ್ಕಿ ಐದು ನಿಮಿಷದ ಕೆಲಸ, ಅದನ್ನ ಫ್ರೀಜರ್‌ಗೆ ಹಾಕೋದು ಸುಮ್ಮನೆ. ಹಸಿ ಕಾಯಿತುರಿ ಹಾಕಿದ ಹೂರಣ ಬೇಗ ಹುಳಿ ಹಿಡಿಯುತ್ತೆ, ಒಣಕೊಬ್ಬರಿ ಹಾಕಿ.

ಹಣ್ಣು ಬೇಕಂದ್ರೆ ನಮ್ಮ ಜಿಲ್ಲೆಯ ಅಂಜೂರ ಒಣಗಿಸಿದ್ದು ಒಳ್ಳೇದು. ನಾಲ್ಕು ಅಂಜೂರ ಬಿಸಿನೀರಲ್ಲಿ ಅರ್ಧ ತಾಸು ನೆನೆಸಿ, ಅರೆದು ಸಜ್ಜೆ ದೋಸೆ ಹಿಟ್ಟಿಗೆ ಹಾಕಿದ್ರೆ ಬೆಲ್ಲ 120ರ ಬದಲು 80 ಗ್ರಾಂ ಸಾಕು. ಕೊಪ್ಪಳ ಕಡೆ ಕೇಸರ್ ಮಾವು ಬರೋ ಕಾಲಕ್ಕೆ ಅದರ ರಸವನ್ನ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಕೊಳ್ಳಿ. ಬಿಸಿ ಹೋಳಿಗೆ ಪಕ್ಕಕ್ಕೆ ಎರಡು ತುಂಡು ಕರಗಿಸಿದ್ರೆ ಸೀಕರಣೆ ಆಯ್ತು.

ನಸುಕಿನ ಬಸ್ಸು (ಸಿಂಧನೂರು)

ಬಿಸಿ ಮಾಡೋದು? ಮೈಕ್ರೊವೇವ್ ಇಲ್ಲ, ಗ್ಯಾಸ್ ಒಲಿ ಅಷ್ಟೇ.

ಪಡ್ಡಿನಹಂಚು (ರಾಯಚೂರು)

ಮೈಕ್ರೊವೇವ್ ಇರದಿದ್ರೆ ಇನ್ನೂ ಚೊಲೋ.

ಹೋಳಿಗಿ: ಕರಗಿಸೋದು ಬ್ಯಾಡ. ದಪ್ಪ ಹಂಚು ಸಣ್ಣ ಉರಿಗೆ ಕಾಯಿಸಿ, ಗಟ್ಟಿ ಹೋಳಿಗಿ ನೇರ ಹಾಕಿ, ಅಂಚಿನ ಸುತ್ತ ಬೆರಳಿಲೆ ನಾಲ್ಕು ಹನಿ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ ಎರಡು ನಿಮಿಷ. ತಿರುವಿ, ಮುಚ್ಚಳ ತೆಗೆದು ತುಪ್ಪ ಹಾಕಿ ಒಂದು ನಿಮಿಷ. ಆ ನಾಲ್ಕು ಹನಿಯ ಉಗಿಯೇ ಅಂಚನ್ನ ಮೆತ್ತಗ ಮಾಡೋದು. ದೊಡ್ಡ ಉರಿಗಿಟ್ರ ಹೊರಗ ಸೀದು ನಡುವಿನ ಹೂರಣ ತಣ್ಣಗೇ ಇರ್ತದ.

ಪಡ್ಡು: ಇಡ್ಲಿ ಪಾತ್ರ್ಯಾಗ ಉಗಿ ಮ್ಯಾಲೆ ಐದಾರು ನಿಮಿಷ. ಮ್ಯಾಲೆ ಗರಿ ಬೇಕಂದ್ರ ಆಮ್ಯಾಲೆ ಪಡ್ಡಿನ ಹಂಚಿನ್ಯಾಗ ಒಂದು ನಿಮಿಷ. ಪಾತ್ರಿ ಮುಚ್ಚಳಕ್ಕ ಬಟ್ಟಿ ಕಟ್ರಿ, ಇಲ್ಲಾಂದ್ರ ಹನಿ ಬಿದ್ದು ನೆನೀತಾವ.

ಸಜ್ಜಿ ದೋಸಿಗೆ ಹಂಚು, ಮುಚ್ಚಳ, ಎರಡು ನಿಮಿಷ. ಕಡಬಿಗೆ ಉಗಿ ಎಂಟರಿಂದ ಹತ್ತು ನಿಮಿಷ. ಶಿರಾ ತಿರುಗಿ ವಾಟಿಗೆ ಹಾಕಿ, ಸಣ್ಣ ಕುಕ್ಕರ್‌ನ್ಯಾಗ ವಾಟಿ ಸಮೇತ ನೀರಿನ ಮ್ಯಾಲೆ, ಒಂದು ಸೀಟಿ.

ಮೈಕ್ರೊವೇವ್ ಇರೋರಿಗೆ: ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟಿ ಹೊದಿಸಿ ಎರಡು ಹೋಳಿಗಿ ನಲವತ್ತು ಸೆಕೆಂಡು. ಒಂದು ನಿಮಿಷ ದಾಟಿದ್ರ ರಬ್ಬರ್.

ಹೂರಣಗಡಬು (ಕೊಪ್ಪಳ)

ಟಿಫಿನ್ ಡಬ್ಬಿಗೆ ಹಾಕೋದಿದ್ರ ಬಿಸಿ ಮಾಡಿ ಐದು ನಿಮಿಷ ಜಾಲರಿ ಮ್ಯಾಲೆ ಬಿಡ್ರಿ, ಆಮ್ಯಾಲೆ ಡಬ್ಬಿ. ಬೆಳಿಗ್ಗೆ ತೆಗೆದು ತಿನ್ನದ ಉಳಿದದ್ದನ್ನ ತಿರುಗಿ ಫ್ರೀಜರ್‌ಗೆ ಹಾಕಬ್ಯಾಡ್ರಿ.

ಕಾರಟಗಿ ನುಚ್ಚು (ಕಾರಟಗಿ)

ಫ್ರೀಜರ್‌ನ್ಯಾಗ ಕ್ರಿಮಿ ಎಲ್ಲ ಸಾಯತಾವಲ್ಲ, ತಿರುಗಿ ಇಟ್ರ ಏನಾಗತೈತಿ?

ಕೋಟೆಗುಡ್ಡ (ಬಳ್ಳಾರಿ)

ಸಾಯಲ್ಲ. ಮಲಗ್ತಾವೆ ಅಷ್ಟೇ. ಕರಗಿ ಬೆಚ್ಚಗಾದ ಕೂಡ್ಲೇ ಎದ್ದು ಎಲ್ಲಿಗೆ ನಿಲ್ಲಿಸಿದ್ವೋ ಅಲ್ಲಿಂದ ಶುರು ಮಾಡ್ತಾವೆ. ಎರಡು ಸಲ ಕರಗಿದ್ದು ಅಂದ್ರೆ ಅವಕ್ಕೆ ಎರಡು ಸಲ ಹೊತ್ತು ಸಿಕ್ಕಂಗೆ. ಜೊತೆಗೆ ಪ್ರತಿ ಸಲ ಐಸಿನ ಹರಳು ದೊಡ್ಡದಾಗಿ ತಿಂಡಿ ಹಿಂಡಿದ ಸ್ಪಂಜ್ ಥರ ಆಗುತ್ತೆ.

ಕರೆಂಟ್ ವಿಷಯ ಬಾಕಿ ಇತ್ತು. ಬೇರೆ ಬಾಗಿಲಿರೋ ಫ್ರೀಜರ್ ತುಂಬಿದ್ದು, ಬಾಗಿಲು ತೆಗೆಯದೇ ಇದ್ರೆ ಸುಮಾರು 48 ತಾಸು, ಅರ್ಧ ತುಂಬಿದ್ರೆ 24 ತಾಸು ಚಳಿ ಹಿಡಿಯುತ್ತೆ. ನಿಮ್ಮ ಡಬ್ಬಿ ಫ್ರೀಜರ್‌ಗೆ ಆ ಲೆಕ್ಕ ಹಾಕಬೇಡಿ. ಆದ್ರೆ ಎರಡು ತಾಸಿಗೆ ಹೆದರೋದೂ ಬೇಡ. ಖಾಲಿ ಜಾಗದಲ್ಲಿ ಅರ್ಧ ಲೀಟರ್ ಬಾಟಲಿಗಳಲ್ಲಿ ಮುಕ್ಕಾಲು ನೀರು ತುಂಬಿ ಗಟ್ಟಿ ಮಾಡಿಡಿ. ಪೂರ್ತಿ ತುಂಬಿದ್ರೆ ಬಾಟಲಿ ಒಡೆಯುತ್ತೆ, ಗಾಜಿನದಂತೂ ಬೇಡವೇ ಬೇಡ. ಕರೆಂಟ್ ಹೋದಾಗ ಆ ಐಸೇ ಕಾವಲು. ಆ ಎರಡು ತಾಸು ಕುಡಿಯೋ ನೀರಿಗೆ ಮಡಕೆ ಬಳಸಿ, ಫ್ರಿಜ್ ಬಾಗಿಲು ಮುಟ್ಟಬೇಡಿ.

ಊರಿಗೆ ಹೋಗೋದಿದ್ರೆ ಒಂದು ಲೋಟ ನೀರು ಗಟ್ಟಿ ಮಾಡಿ ಮೇಲೊಂದು ರೂಪಾಯಿ ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ಮೇಲೇ ಇದ್ರೆ ಸರಿ. ತಳ ಸೇರಿದ್ರೆ ಎಲ್ಲ ಕರಗಿ ತಿರುಗಿ ಗಟ್ಟಿಯಾಗಿದೆ ಅಂತ, ಹೂರಣದ್ದೆಲ್ಲ ಚೆಲ್ಲಿ.

ನಸುಕಿನ ಬಸ್ಸು (ಸಿಂಧನೂರು)

ಹಂಗಾದ್ರ ಈ ಭಾನುವಾರಕ್ಕ 16 ಹೋಳಿಗಿ, 28 ಪಡ್ಡು, 11 ಸಜ್ಜಿ ದೋಸಿ. ಒಂದೇ ದಿನ ಎಲ್ಲ ಒಳಗ ಹಾಕಬಹುದಾ?

ಕೋಟೆಗುಡ್ಡ (ಬಳ್ಳಾರಿ)

ಬೇಡ. ಅದೆಲ್ಲ ಸೇರಿ ಎರಡು ಕಿಲೋ ದಾಟುತ್ತೆ. ಅಷ್ಟು ಸಣ್ಣ ಫ್ರೀಜರ್‌ಗೆ ಒಂದು ಸಲಕ್ಕೆ ಸುಮಾರು ಒಂದು ಕಿಲೋ ಸಾಕು. ನಿಧಾನಕ್ಕೆ ಗಟ್ಟಿಯಾದಷ್ಟೂ ಐಸಿನ ಹರಳು ದೊಡ್ಡದು, ಕರಗಿದಾಗ ತಿಂಡಿ ಒದ್ದೆ. ಶನಿವಾರ ಸಂಜೆ ಪಡ್ಡು ಮುಗಿಸಿ, ರಾತ್ರಿ ಥರ್ಮೋಸ್ಟಾಟ್ ಗುಂಡಿಯನ್ನ ಅತೀ ತಂಪಿಗೆ ತಿರುಗಿಸಿಡಿ. ಭಾನುವಾರ ಬೆಳಿಗ್ಗೆ ಹೋಳಿಗೆ, ಅವು ಗಟ್ಟಿಯಾದ ಮೇಲೆ ಸಂಜೆ ಸಜ್ಜೆ ದೋಸೆ. ಸೋಮವಾರ ಗುಂಡಿಯನ್ನ ಮೊದಲಿನ ಜಾಗಕ್ಕೆ ತನ್ನಿ, ಇಲ್ಲಾಂದ್ರೆ ಕೆಳಗಿನ ಖಾನೆಯ ಕೊತ್ತಂಬರಿ, ಟೊಮೆಟೊ ಐಸ್ ಆಗಿರ್ತಾವೆ.

ಹೂರಣಗಡಬು (ಕೊಪ್ಪಳ)

ಬಸದ ಕಟ್ಟು ಚೆಲ್ಲಬ್ಯಾಡ್ರಿ ಮತ್ತ. ಎರಡು ಲೋಟ ಬರತೈತಿ. ಅವತ್ತಿನ ಹೋಳಿಗಿ ಸಾರಿಗೆ ಒಂದು ಲೋಟ, ಇನ್ನೊಂದು ಆರಿಸಿ ಐಸ್ ಟ್ರೇಗೆ.